ಅಪ್ಪ ಕಟ್ಟಿದ ರೇಷ್ಮೆ ಘಟಕ ನಷ್ಟದಲ್ಲಿದೆ, ಮುಚ್ಚಲೇ?

ಶಿಡ್ಲಘಟ್ಟದ ನಿಮ್ಮ ನೂಲು ಬಿಚ್ಚುವ ಘಟಕವನ್ನು ಮುಚ್ಚಲು ಮನಸ್ಸು ಒಪ್ಪುತ್ತಿಲ್ಲ ಎಂದಿದ್ದೀರಿ. ಆ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಮೂರು ತಿಂಗಳು ಪ್ರತಿ ಲಾಟಿನ, ಅಂದರೆ ಒಂದೊಂದು ಸಲ ಕೊಂಡ ಗೂಡಿನ, ಲೆಕ್ಕ ಬರೆಯದೆ ಯಾವ ತೀರ್ಮಾನಕ್ಕೂ ಬರಬೇಡಿ.

ನೋಡಬೇಕಾದ್ದು ರೆಂಡಿಟ್ಟಾ, ಅಂದರೆ ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಹಿಡಿಯಿತು ಎಂಬುದು. ಗೂಡು ಕಿಲೋಗೆ 600 ರೂಪಾಯಿ ಎಂದಿಟ್ಟುಕೊಳ್ಳಿ. 7 ಕಿಲೋ ಹಿಡಿದರೆ 4,200, 8 ಹಿಡಿದರೆ 4,800. ಎಷ್ಟೋ ಸಲ ಇಡೀ ಲಾಭ ಈ ಒಂದು ಕಿಲೋದಲ್ಲೇ ಕರಗಿಹೋಗುತ್ತದೆ. ಇದಕ್ಕೆ ಕೂಲಿ, ಸೌದೆ, ಕರೆಂಟು ಸೇರಿಸಿ. ನೂಲು ಬಿಚ್ಚಿದ ಮೇಲೆ ಉಳಿಯುವ ಸತ್ತ ಹುಳು, ವೇಸ್ಟ್ ನೂಲು ಮಾರಿ ಬಂದ ಹಣ ಕಳೆಯಿರಿ. ಮನೆಯವರು ದುಡಿದ ದಿನಗಳಿಗೂ ಕೂಲಿ ಹಾಕಿ. ಅಮ್ಮ, ತಮ್ಮ ಬಿಟ್ಟಿ ದುಡಿಯುವ ಕಡೆ ನಷ್ಟ ಕಣ್ಣಿಗೆ ಬೀಳುವುದೇ ಇಲ್ಲ.

ಯಂತ್ರಕ್ಕೆ ಅಂದು ಸುರಿದ ದುಡ್ಡು ಈ ಲೆಕ್ಕಕ್ಕೆ ಬೇಡ. ಇವತ್ತು ಮಾರಿದರೆ ಎಷ್ಟು ಬರುತ್ತದೆ ಎಂಬುದಷ್ಟೇ ಮುಖ್ಯ. ನೂಲು ಮಾರಿದ ಹಣ ಗೂಡು, ಕೂಲಿ ಮುಂತಾದ ದಿನದ ಖರ್ಚನ್ನು ಮೀರಿ ಸಾಲದ ಬಡ್ಡಿಗೂ ಸ್ವಲ್ಪ ಉಳಿಸುತ್ತಿದ್ದರೆ ಇನ್ನಷ್ಟು ದಿನ ನಡೆಸಿ, ಗೂಡಿನ ಆಯ್ಕೆ ಸುಧಾರಿಸಿ. ದಿನದ ಖರ್ಚೇ ಹುಟ್ಟದಿದ್ದರೆ ನಿಲ್ಲಿಸಿ. ಆ ಸ್ಥಿತಿಯಲ್ಲಿ ಹೊಸ ಸಾಲ ಖಂಡಿತ ಬೇಡ.

ಹಳೆಯ ಕೆಲಸಗಾರರ ಬಾಕಿಯನ್ನು ಮಾತ್ರ ಯಂತ್ರ ಮಾರುವ ಮೊದಲೇ ಚುಕ್ತಾ ಮಾಡಿಬಿಡಿ.