ಸೊಂಟಕ್ಕೆ ಯಾವ ಕೃತಕ ಕೀಲು ಹಾಕಿಸಬೇಕು?

ಪ್ರಶ್ನೆ: ನನ್ನ ತಾಯಿಗೆ 68 ವರ್ಷ. ಬಲ ಸೊಂಟದ ಕೀಲು ಪೂರ್ತಿ ಸವೆದಿದ್ದು, ಬದಲಾಯಿಸಲೇಬೇಕು ಎಂದು ವೈದ್ಯರು ಹೇಳಿದ್ದಾರೆ. ತೊಡೆಮೂಳೆಯ ತುದಿಗೆ ಸೆರಾಮಿಕ್ ಗುಂಡು, ಅದು ಕೂರುವ ಸೊಂಟದ ಕುಳಿಗೆ ಪ್ಲಾಸ್ಟಿಕ್ ಬಟ್ಟಲು ಇರುವ ಇಂಪ್ಲಾಂಟ್ (ಕೃತಕ ಕೀಲು) ಸಾಕು ಎಂಬುದು ಅವರ ಅಭಿಪ್ರಾಯ. ಪ್ಲಾಸ್ಟಿಕ್ ಬೇಗ ಸವೆಯುತ್ತದೆ, ಹಣ ಹೆಚ್ಚಾದರೂ ಹೊಸ ಮಾದರಿಯದನ್ನೇ ಹಾಕಿಸಿ ಎನ್ನುತ್ತಾರೆ ನೆಂಟರು. ಯಾರ ಮಾತು ಕೇಳಲಿ?
— ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮ ವೈದ್ಯರ ಸಲಹೆ ಸರಿಯಾಗಿದೆ. ನೆಂಟರ ಅಂಜಿಕೆಗೂ ಒಂದು ಕಾಲದಲ್ಲಿ ಆಧಾರವಿತ್ತು. ಇಂಗ್ಲೆಂಡಿನ ಮೂಳೆ ಶಸ್ತ್ರವೈದ್ಯ ಜಾನ್ ಚಾರ್ನ್ಲಿ ಮೊದಲು ಬಳಸಿದ, ಟೆಫ್ಲಾನ್ ಎಂಬ ಪ್ಲಾಸ್ಟಿಕ್ಕಿನ ಬಟ್ಟಲುಗಳು ಕೆಲವೇ ವರ್ಷಗಳಲ್ಲಿ ಸವೆದು, ಉದುರಿದ ಪುಡಿಯಿಂದ ಸುತ್ತಲಿನ ಅಂಗಾಂಶ ಕೆರಳಿತು. ಆ ಪುಡಿಯನ್ನು ಅವರು ತಮ್ಮ ತೊಡೆಯೊಳಗೇ ಸೇರಿಸಿಕೊಂಡು ಪರೀಕ್ಷಿಸಿದರು. 1962ರಲ್ಲಿ ಪಾಲಿಎಥಿಲೀನ್ ಎಂಬ ಇನ್ನೊಂದು ಪ್ಲಾಸ್ಟಿಕ್ಕಿನ ಬಟ್ಟಲಿಗೆ ಬದಲಾದ ಮೇಲೆ ಕೀಲುಗಳು ದಶಕಗಳ ಕಾಲ ಬಾಳಿದವು. ಆದರೂ ಸವೆತದ ಸೂಕ್ಷ್ಮ ಕಣಗಳನ್ನು ನುಂಗುವ ರಕ್ಷಕ ಕೋಶಗಳು ಕೆರಳಿ, ಸುತ್ತಲಿನ ಮೂಳೆ ಕರಗಿ, ಇಂಪ್ಲಾಂಟ್ ಸಡಿಲವಾಗುವ ತೊಂದರೆ ಉಳಿದೇ ಇತ್ತು. 1990ರ ದಶಕದ ಕೊನೆಯಲ್ಲಿ ಬಂದ, ವಿಕಿರಣದಿಂದ ಗಟ್ಟಿಗೊಳಿಸಿದ ಪಾಲಿಎಥಿಲೀನ್‌ನಲ್ಲಿ ಸವೆತ ಬಹಳ ಕಡಿಮೆ. ನಿಮ್ಮ ತಾಯಿಗೆ ಹೇಳಿರುವುದು ಈ ಬಗೆಯದೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ.

ಹೊಸದು ಎಂಬ ಒಂದೇ ಕಾರಣಕ್ಕೆ ಆರಿಸಬೇಡಿ ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಗುಂಡು ದೊಡ್ಡದಾದಷ್ಟೂ ಅದು ಬಟ್ಟಲಿನಿಂದ ಜಾರಿ ಹೊರಬರಲು ಹೆಚ್ಚು ದೂರ ಸರಿಯಬೇಕಾಗುವುದರಿಂದ ಕೀಲು ತಪ್ಪುವ ಸಂಭವ ತಗ್ಗುತ್ತದೆ. ಈ ಲೆಕ್ಕಾಚಾರದಲ್ಲೇ ಗುಂಡು, ಬಟ್ಟಲು ಎರಡೂ ಲೋಹವಾಗಿರುವ ದೊಡ್ಡ ಗುಂಡಿನ ಕೀಲುಗಳು ಬಂದವು. ಡೆಪ್ಯೂ ಕಂಪನಿಯ ಎಎಸ್ಆರ್ ಮಾದರಿಯಲ್ಲಿ ಬಟ್ಟಲಿನ ಆಳ ಕಡಿಮೆಯಿದ್ದು, ಜೋಡಣೆ ಸ್ವಲ್ಪ ಓರೆಯಾದರೂ ಗುಂಡು ಅಂಚಿಗೆ ಉಜ್ಜಿ ಕೋಬಾಲ್ಟ್, ಕ್ರೋಮಿಯಂ ಕಣಗಳು ರಕ್ತಕ್ಕೂ ಸುತ್ತಲಿನ ಮಾಂಸಖಂಡಕ್ಕೂ ಸೇರುತ್ತಿದ್ದವು. ಐದೇ ವರ್ಷದಲ್ಲಿ ಸುಮಾರು ಎಂಟರಲ್ಲಿ ಒಬ್ಬರಿಗೆ ಮರುಶಸ್ತ್ರಚಿಕಿತ್ಸೆ ಬೇಕಾಗುತ್ತಿದೆಯೆಂಬ ಅಂಕಿಅಂಶ ಹೊರಬಿದ್ದು, 2010ರ ಆಗಸ್ಟ್‌ನಲ್ಲಿ ಅದನ್ನು ಜಗತ್ತಿನಾದ್ಯಂತ ಹಿಂತೆಗೆದುಕೊಳ್ಳಲಾಯಿತು. ಪ್ರತಿ ರೋಗಿಯ ಕೀಲಿನ ವಿವರ ದಾಖಲಿಸಿಡುವ ಆಸ್ಟ್ರೇಲಿಯಾದಂಥ ದೇಶಗಳಲ್ಲಿ ದೋಷ ಬೇಗ ಕಣ್ಣಿಗೆ ಬಿತ್ತು. ನಮ್ಮ ದೇಶದಲ್ಲಿ ಈ ಕೀಲು ಹಾಕಿಸಿಕೊಂಡ ಸಾವಿರಾರು ಜನರಲ್ಲಿ ಹೆಚ್ಚಿನವರು ಯಾರು, ಎಲ್ಲಿದ್ದಾರೆ ಎಂಬುದೇ ಪತ್ತೆಯಾಗಲಿಲ್ಲ. ಇದು ನನ್ನನ್ನು ಇಂದಿಗೂ ನೋಯಿಸುವ ಸಂಗತಿ.

ಎರಡೂ ಕಡೆ ಸೆರಾಮಿಕ್ ಇರುವ ಕೀಲು ಅತಿ ಕಡಿಮೆ ಸವೆಯುತ್ತದೆ, ನಿಜ. ಆದರೆ ಕೆಲವರಿಗೆ ನಡೆಯುವಾಗ ಕಿರ್ ಎಂಬ ಸದ್ದು ಬರುತ್ತದೆ, ಅಪರೂಪಕ್ಕೆ ಒಡೆಯುವುದೂ ಉಂಟು. ಚಿಕ್ಕ ವಯಸ್ಸಿನವರಿಗೆ ಇದನ್ನು ಯೋಚಿಸಬಹುದು. 68ರ ವಯಸ್ಸಿನಲ್ಲಿ ಅದಕ್ಕಾಗಿ ಹೆಚ್ಚು ಹಣ ತೆರುವ ಅಗತ್ಯ ನನಗೆ ಕಾಣುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ತೊಡೆಮೂಳೆಯೊಳಗೆ ಇಳಿಸುವ ದಂಡವನ್ನು ಮೂಳೆಗೆಂದೇ ಇರುವ ಸಿಮೆಂಟ್ ಹಾಕಿ ಕೂರಿಸುತ್ತಾರೆಯೇ ಎಂದು ವಿಚಾರಿಸಿ. ಮೂಳೆ ಟೊಳ್ಳಾಗಿರುವ ಹಿರಿಯ ಹೆಂಗಸರಲ್ಲಿ ಸಿಮೆಂಟ್ ಇಲ್ಲದ ದಂಡದ ಸುತ್ತ ಮೂಳೆ ಬಿರುಕು ಬಿಡುವ ಅಪಾಯ ಹೆಚ್ಚು.

ಶಸ್ತ್ರಚಿಕಿತ್ಸೆಗೆ ಮುನ್ನ ಇಂಪ್ಲಾಂಟ್‌ನ ಮಾದರಿಯ ಹೆಸರು ಕೇಳಿ. ಕನಿಷ್ಠ ಹತ್ತು ವರ್ಷಗಳ ಫಲಿತಾಂಶ ದಾಖಲಾಗಿದೆಯೇ ಎಂದೂ ಕೇಳಿ. ಪ್ರತಿ ಭಾಗದ ಪೊಟ್ಟಣದಲ್ಲೂ ಮಾದರಿ ಮತ್ತು ತಯಾರಿಕಾ ಬ್ಯಾಚ್ ಸಂಖ್ಯೆ ಅಚ್ಚಾದ ಅಂಟುಚೀಟಿಗಳಿರುತ್ತವೆ, ಅವನ್ನು ರೋಗಿಯ ಕಡತಕ್ಕೆ ಅಂಟಿಸುತ್ತಾರೆ. ಒಂದು ಪ್ರತಿಯನ್ನು ಡಿಸ್ಚಾರ್ಜ್ ಪತ್ರದ ಜೊತೆ ಕೇಳಿ ಪಡೆದು ಮನೆಯಲ್ಲಿ ಜೋಪಾನವಾಗಿಡಿ.