ವರ್ಕ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರಿನ ಯೂಸರ್ ಕಮ್ಯುನಿಟಿಗೆ ಸೇರಿದ್ರೆ ನಿಜವಾಗ್ಲೂ ಉಪಯೋಗ ಇದೆಯಾ?

ನೀವು ಬರೆದಿರೋದು ಇಷ್ಟು: ಪುಣೆಗೆ ಬಂದು ಎಂಟು ತಿಂಗಳಾಯ್ತು, ಕಂಪನಿಲಿ ಎಕ್ಸೆಲ್ ಬಿಟ್ಟು ಸ್ಮಾರ್ಟ್‌ಶೀಟ್ ಅನ್ನೋ, ಕೆಲಸಗಳನ್ನ ತಾರೀಕಿನ ಪ್ರಕಾರ ಪ್ಲಾನ್ ಮಾಡೋ ಸಾಫ್ಟ್‌ವೇರ್ ತಂದಿದಾರೆ, ಶೀಟ್ ಎಲ್ಲಾ ನೋಡ್ಕೊಳ್ಳೋ ಜವಾಬ್ದಾರಿ ನಿಮಗೆ ಬಂದಿದೆ, ಅದರ ಯೂಸರ್ ಕಮ್ಯುನಿಟಿಗೆ, ಅಂದ್ರೆ ಬಳಸೋರೇ ಒಬ್ಬರಿಗೊಬ್ಬರು ಪ್ರಶ್ನೆ ಉತ್ತರ ಬರೆಯೋ ಆನ್‌ಲೈನ್ ವೇದಿಕೆಗೆ, ಸೇರೋದ್ರಿಂದ ಉಪಯೋಗ ಇದೆಯಾ, ಇಂಗ್ಲಿಷ್ ಅಷ್ಟು ಬರಲ್ಲ, ತೀರಾ ಸಣ್ಣ ಪ್ರಶ್ನೆ ಕೇಳಿದ್ರೆ ಏನಾದ್ರೂ ಅಂದ್ಕೋತಾರಾ ಅಂತ.

ಸೇರಿ. ಯಾರೂ ಏನೂ ಅಂದ್ಕೊಳ್ಳಲ್ಲ. ಆದ್ರೆ ಹೋಗುವಾಗ ನಿಮ್ಮ ಕಾರ್ಖಾನೆ ಹೇಗೆ ನಡೆಯತ್ತೆ ಅನ್ನೋದನ್ನ ಪೂರ್ತಿ ಜೊತೆಗೆ ತಗೊಂಡು ಹೋಗಿ, ಅದನ್ನ ಬಿಟ್ಟು ಬರೀ ಫಾರ್ಮುಲಾ ಹಿಡ್ಕೊಂಡು ಹೋದ್ರೆ ಉತ್ತರ ಸಿಗಲ್ಲ. ಇದು ನನಗೆ ಹೇಗೆ ಗೊತ್ತಾಯ್ತು ಅಂತ ಹೇಳ್ತೀನಿ.

ನಾನು ವಿಜಯಪುರದ ಕಡೆಯವನು, ಪುಣೆಗೆ ಬಂದು ಹನ್ನೊಂದು ವರ್ಷ ಆಯ್ತು, ಭೋಸರಿಲಿ ಒಂದು ಮಶಿನಿಂಗ್ ಕಾರ್ಖಾನೆಲಿ ಪಿಪಿಸಿ ನೋಡ್ಕೋತೀನಿ, ಅಂದ್ರೆ ಯಾವ ಪಾರ್ಟ್ ಯಾವ ಮಶಿನ್ ಮೇಲೆ ಯಾವಾಗ ಹತ್ತಬೇಕು, ಯಾವತ್ತು ಗಾಡಿಗೆ ಲೋಡ್ ಆಗ್ಬೇಕು ಅನ್ನೋ ಲೆಕ್ಕ. ನೀವು ಹೊಸಬ್ರು ಅಂದ್ರಲ್ಲ, ಇಷ್ಟೊತ್ತಿಗೆ ಗಮನಿಸಿರ್ತೀರಿ, ಭೋಸರಿ ಪಿಂಪ್ರಿ ಚಿಂಚವಾಡ ಕಡೆ ಬಹಳಷ್ಟು ಕಾರ್ಖಾನೆಗೆ ವಾರದ ರಜಾ ಗುರುವಾರ. ಕರೆಂಟ್ ಇಲಾಖೆಯವ್ರು ಅವತ್ತು ರಿಪೇರಿ ಕೆಲಸಕ್ಕೆ ಲೈನ್ ತೆಗೀತಾರೆ ಅಂತ ಶುರುವಾದ ಪದ್ಧತಿ. ಭಾನುವಾರ ನಮ್ಮಲ್ಲಿ ಪೂರ್ತಿ ಶಿಫ್ಟ್ ನಡೆಯತ್ತೆ, ನಮ್ಮ ಮನೆಯಲ್ಲಿ ಮಕ್ಕಳಿಗೆ ಸ್ಕೂಲ್ ರಜಾ ಇರೋ ದಿನ ಅಪ್ಪ ಕೆಲಸಕ್ಕೆ, ಅಪ್ಪ ಮನೆಲಿರೋ ದಿನ ಮಕ್ಕಳು ಸ್ಕೂಲಿಗೆ.

ಸಾಫ್ಟ್‌ವೇರ್‌ಗೆ ಇದು ಗೊತ್ತಿರಲ್ಲ. ಅದು ಸುಮ್ಮನೆ ಬಿಟ್ರೆ ಸೋಮವಾರದಿಂದ ಶುಕ್ರವಾರ ಕೆಲಸ, ಶನಿವಾರ ಭಾನುವಾರ ರಜಾ ಅಂತಲೇ ಲೆಕ್ಕ ಹಾಕತ್ತೆ. ನಾನು ಮೊದಲನೇ ಸಲ ಪ್ಲಾನ್ ಮಾಡಿದಾಗ ಅದನ್ನ ನೋಡ್ಲೇ ಇಲ್ಲ. ಉದಾಹರಣೆಗೆ 3ನೇ ತಾರೀಕು ಸೋಮವಾರ ಶುರುವಾಗೋ ಹನ್ನೆರಡು ದಿನದ ಕೆಲಸ, ಸಾಫ್ಟ್‌ವೇರ್ ಲೆಕ್ಕದಲ್ಲಿ 18ನೇ ತಾರೀಕು ಮಂಗಳವಾರ ಮುಗಿಯತ್ತೆ, ನಮ್ಮ ಫ್ಲೋರ್ ಲೆಕ್ಕದಲ್ಲಿ ಅದು 16ನೇ ತಾರೀಕು ಭಾನುವಾರಕ್ಕೇ ಮುಗಿದಿರತ್ತೆ. ಎರಡು ದಿನ ಮುಂಚೆ ಮುಗಿದ್ರೆ ಒಳ್ಳೇದೇ ಅಲ್ವಾ ಅಂತ ನಮ್ಮ ಸಾಹೇಬ್ರೂ ಅಂದ್ರು. ತೊಂದ್ರೆ ಅದಲ್ಲ, ತೊಂದ್ರೆ ಏನಂದ್ರೆ ಅದೇ ಶೀಟು ಒಂದು ಡಿಸ್ಪ್ಯಾಚ್‌ನ ಗುರುವಾರಕ್ಕೆ ತಂದು ಕೂರಿಸ್ತು, ನಾನೂ ಹಾಗೇ ಕಸ್ಟಮರ್‌ಗೆ ಕಳಿಸಿಬಿಟ್ಟೆ, ಗಾಡಿ ಬಂದು ಬೆಳಗ್ಗೆ ಒಂಬತ್ತು ಗಂಟೆಗೆ ನಮ್ಮ ಗೇಟ್ ಮುಂದೆ ನಿಂತ್ಕೊಂಡಿದೆ, ಒಳಗೆ ವಾಚ್‌ಮನ್ ಕಾಕಾ ಒಬ್ರೇ. ಆ ಡ್ರೈವರ್ ಹಿಂದಿನ ರಾತ್ರಿ ಮನೆಗೆ ಹೋಗದೆ ಗಾಡಿಲೇ ಮಲಗಿ ಬಂದಿದ್ದ. ಅವನ ಮುಖ ನನಗೆ ಇವತ್ತಿಗೂ ನೆನಪಿದೆ, ತುಂಬಾ ಬೇಜಾರಾಯ್ತು.

ಅವತ್ತು ಸಂಜೆ ಕಮ್ಯುನಿಟಿಲಿ ಅಕೌಂಟ್ ಮಾಡಿ ಬರ್ದೆ. ಏನು ಬರ್ದೆ ಅಂದ್ರೆ, ತಾರೀಕು ತಪ್ಪು ಬರ್ತಿದೆ, ಅರ್ಜೆಂಟ್, ದಯವಿಟ್ಟು ಹೆಲ್ಪ್ ಮಾಡಿ. ಎರಡು ದಿನ ಒಬ್ರೂ ಉತ್ತರ ಕೊಡ್ಲಿಲ್ಲ. ಮೂರನೇ ದಿನ ಯಾರೋ ಒಬ್ರು ಮೂರು ಪ್ರಶ್ನೆ ಹಾಕಿದ್ರು: ಡಿಪೆಂಡೆನ್ಸಿ (ಒಂದು ಕೆಲಸದ ತಾರೀಕು ಇನ್ನೊಂದರ ಮೇಲೆ ನಿಲ್ಲೋ ಹಾಗೆ ಮಾಡೋ ಸೆಟ್ಟಿಂಗ್) ಆನ್ ಇದೆಯಾ, ತಾರೀಕಿನ ಕಾಲಮ್ ಯಾವ ಟೈಪ್, ನಿಮ್ಮಲ್ಲಿ ವಾರದ ರಜಾ ಯಾವತ್ತು. ಆ ಮೂರನೇ ಪ್ರಶ್ನೆ ಓದಿದ ತಕ್ಷಣ ನನಗೇ ಹೊಳೀತು. ಹನ್ನೊಂದು ವರ್ಷದಿಂದ ಗುರುವಾರ ರಜಾ ತಗೊಳ್ತಿರೋದ್ರಿಂದ ಅದು ಹೇಳ್ಬೇಕಾದ ವಿಷಯ ಅಂತಲೇ ಅನ್ನಿಸಿರಲಿಲ್ಲ. ಅವರಿಗೋ ಪುಣೆ ಎಲ್ಲಿದೆ ಅನ್ನೋದೇ ಗೊತ್ತಿತ್ತೋ ಇಲ್ವೋ, ಆದ್ರೂ ಸರಿಯಾದ ಜಾಗಕ್ಕೆ ಕೈ ಇಟ್ರು.

ಉತ್ತರ ಸಣ್ಣದು. ಪ್ರಾಜೆಕ್ಟ್ ಸೆಟ್ಟಿಂಗ್ಸ್ ಒಳಗೆ ವರ್ಕಿಂಗ್ ಡೇಸ್ ಅಂತ ಇದೆ, ಅಲ್ಲಿ ಗುರುವಾರ ತೆಗೆದು ಶನಿವಾರ ಭಾನುವಾರ ಸೇರಿಸಿ, ಅದರ ಕೆಳಗೇ ಹಬ್ಬದ ರಜಾಗಳ ತಾರೀಕು ಹಾಕೋಕೆ ಜಾಗ ಇದೆ. ಡಿಪೆಂಡೆನ್ಸಿ ಆನ್ ಇರೋ ಶೀಟಲ್ಲಿ ಎರಡು ತಾರೀಕಿನ ನಡುವೆ ಎಷ್ಟು ಕೆಲಸದ ದಿನ ಅಂತ ಎಣಿಸೋ ನೆಟ್‌ವರ್ಕ್‌ಡೇಸ್ ಫಾರ್ಮುಲಾ ಕೂಡ ಇದೇ ಸೆಟ್ಟಿಂಗ್ ನೋಡಿ ಲೆಕ್ಕ ಹಾಕತ್ತೆ. ಎಕ್ಸೆಲ್‌ನಲ್ಲೇ ಇದ್ದಿದ್ರೆ ನೆಟ್‌ವರ್ಕ್‌ಡೇಸ್ ಡಾಟ್ ಐಎನ್‌ಟಿಎಲ್ ಅಂತ ಒಂದು ಫಂಕ್ಷನ್ ಇದೆ, ಅದರಲ್ಲಿ ವೀಕೆಂಡ್ ಜಾಗಕ್ಕೆ 15 ಅಂತ ಹಾಕಿದ್ರೆ ಗುರುವಾರ ಮಾತ್ರ ರಜಾ ಅಂತ ಅರ್ಥ, 11 ಹಾಕಿದ್ರೆ ಭಾನುವಾರ ಮಾತ್ರ. ನಿಮ್ಮಲ್ಲಿ ಹಳೇ ಎಕ್ಸೆಲ್ ಶೀಟ್ ಇನ್ನೂ ಓಡ್ತಾ ಇದ್ರೆ ಇದನ್ನೂ ಒಮ್ಮೆ ನೋಡ್ಕೊಳ್ಳಿ, ಎರಡರ ಲೆಕ್ಕ ತಾಳೆ ಆಗದೇ ಇರೋಕೆ ಬಹಳ ಸಲ ಇದೇ ಕಾರಣ.

ಆಮೇಲೆ ಎರಡನೇ ತೊಡಕು ಬಂತು, ನನಗೆ ಕಮ್ಯುನಿಟಿ ಮೇಲೆ ಗೌರವ ಬಂದಿದ್ದು ಅಲ್ಲಿ. ನಮಗೆ ಗುರುವಾರ ರಜಾ, ಚಾಕಣ್‌ನಲ್ಲಿರೋ ನಮ್ಮ ಕಸ್ಟಮರ್‌ಗೆ ಭಾನುವಾರ ರಜಾ, ಎರಡೂ ಒಂದೇ ಶೀಟಲ್ಲಿ. ಒಂದು ಶೀಟಿಗೆ ಒಂದೇ ವರ್ಕಿಂಗ್ ಕ್ಯಾಲೆಂಡರ್. ಈ ಸಲ ನಾನು ಪ್ರಶ್ನೆನ ಸರಿಯಾಗಿ ಬರ್ದೆ, ಯಾವ ಸಾಲು ನಮ್ಮದು ಯಾವುದು ಅವರದು, ಏನು ತಾರೀಕು ಬರಬೇಕಿತ್ತು, ಏನು ಬಂತು, ನಾನು ಏನೇನು ಮಾಡಿ ನೋಡಿದೆ ಅಂತ ಎಲ್ಲಾ. ಬರೆದು ಮುಗಿಸೋಕೆ ಮುಕ್ಕಾಲು ಗಂಟೆ ಹಿಡೀತು. ಬೆಳಗಾಗೋಷ್ಟರಲ್ಲಿ ಮೂರು ಉತ್ತರ ಬಂದಿತ್ತು. ಆಸ್ಪತ್ರೆಲಿ ಕೆಲಸ ಮಾಡೋ ಒಬ್ರು ಹೇಳಿದ್ದು ನಮಗೆ ಹೊಂದ್ತು: ಎರಡು ಕಡೆಗೆ ಎರಡು ಬೇರೆ ಶೀಟ್ ಮಾಡಿ, ನಮ್ಮ ಕೆಲಸ ಮುಗಿಯೋ ತಾರೀಕನ್ನ ಕಸ್ಟಮರ್ ಶೀಟಿಗೆ ಸೆಲ್ ಲಿಂಕ್ ಮಾಡಿ (ಇಲ್ಲಿ ಬದಲಾದ್ರೆ ಅಲ್ಲೂ ತಾನೇ ಬದಲಾಗತ್ತೆ), ಎರಡನ್ನೂ ಸೇರಿಸಿ ನೋಡೋಕೆ ಒಂದು ರಿಪೋರ್ಟ್ ಮಾಡಿ. ಅವರ ಆಸ್ಪತ್ರೆಲಿ ಕಟ್ಟಡದ ಕೆಲಸದವರಿಗೆ ವಾರಕ್ಕೆ ಐದು ದಿನ, ನರ್ಸ್‌ಗಳಿಗೆ ಏಳೂ ದಿನ ಡ್ಯೂಟಿ ಇರತ್ತಂತೆ, ಅವರೂ ಇದೇ ಕಷ್ಟ ಪಟ್ಟು ಕಂಡ್ಕೊಂಡ ದಾರಿ. ಆಸ್ಪತ್ರೆಯವರ ದಾರಿ ಮಶಿನ್ ಶಾಪ್‌ಗೆ ಉಪಯೋಗ ಆಗತ್ತೆ ಅಂತ ನಾನು ಎಲ್ಲಿ ಓದಿ ತಿಳ್ಕೊಳ್ಳೋಕಾಗ್ತಿತ್ತು ಹೇಳಿ? ಸಾಫ್ಟ್‌ವೇರ್ ಜೊತೆ ಬರೋ ಹೆಲ್ಪ್ ಪುಟದಲ್ಲಿ ಬಟನ್ ಎಲ್ಲಿದೆ ಅಂತ ಇರತ್ತೆ ಅಷ್ಟೇ.

ಬೆಳಗಾಗೋಷ್ಟರಲ್ಲಿ ಅಂದ್ನಲ್ಲ, ಅದಕ್ಕೂ ಕಾರಣ ಇದೆ. ಸ್ಮಾರ್ಟ್‌ಶೀಟ್ 2005ರಲ್ಲಿ ಶುರುವಾಗಿದ್ದು ಅಮೆರಿಕದ ಸಿಯಾಟಲ್ ಪಕ್ಕದ ಬೆಲ್‌ವ್ಯೂನಲ್ಲಿ, ಉಪಯೋಗಿಸೋರೂ ಆ ಕಡೆ ಜಾಸ್ತಿ. ಅಲ್ಲಿನ ಸಮಯ ನಮಗಿಂತ ಬೇಸಿಗೆಲಿ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ನಾನು ರಾತ್ರಿ ಊಟ ಆದ್ಮೇಲೆ ಪ್ರಶ್ನೆ ಹಾಕಿ ಮಲಗ್ತೀನಿ, ಅವರು ಆಗ ತಾನೇ ಆಫೀಸಿಗೆ ಬಂದಿರ್ತಾರೆ. ಬೆಳಗ್ಗೆ ಎದ್ದು ಚಹಾ ಕುಡೀತಾ ಉತ್ತರ ಓದ್ಬಹುದು. ಮಧ್ಯಾಹ್ನ ಹನ್ನೆರಡಕ್ಕೆ ಪ್ರಶ್ನೆ ಹಾಕಿ ಅರ್ಧ ಗಂಟೆಗೊಮ್ಮೆ ನೋಡ್ತಾ ಕೂತ್ರೆ ಸುಮ್ನೆ ಬೇಜಾರು.

ಒಂದು ವಿಷಯದಲ್ಲಿ ಮಾತ್ರ ದಯವಿಟ್ಟು ಹುಷಾರಾಗಿರಿ. ನಿಮ್ಮ ಅಸಲಿ ಶೀಟಿನ ಸ್ಕ್ರೀನ್‌ಶಾಟ್ ಯಾವತ್ತೂ ಹಾಕ್ಬೇಡಿ. ನನ್ನ ಪರಿಚಯದ ಒಬ್ಬ ಹುಡುಗ ಬೇರೆ ಕಂಪನಿಲಿ ಇದ್ದ, ಒಳ್ಳೆ ಕೆಲಸಗಾರ, ಅರ್ಜೆಂಟಲ್ಲಿ ಪೂರ್ತಿ ಸ್ಕ್ರೀನ್ ಹಾಕಿಬಿಟ್ಟ, ಅದರಲ್ಲಿ ಕಸ್ಟಮರ್ ಹೆಸರು, ಪಾರ್ಟ್ ನಂಬರ್, ರೇಟ್ ಎಲ್ಲಾ ಕಾಣ್ತಿತ್ತು. ಅವನಿಗೆ ಆಮೇಲೆ ತುಂಬಾ ಕಷ್ಟ ಆಯ್ತು. ಐದಾರು ಸಾಲಿನ ಒಂದು ಡಮ್ಮಿ ಶೀಟ್ ಮಾಡ್ಕೊಳ್ಳಿ, ಪಾರ್ಟ್ ಎ ಪಾರ್ಟ್ ಬಿ ಅಂತ ಹೆಸರಿಡಿ, ತಪ್ಪು ಅದರಲ್ಲೂ ಬರತ್ತಾ ನೋಡಿ, ಅದರ ಚಿತ್ರ ಹಾಕಿ. ಡಮ್ಮಿ ಮಾಡ್ತಾ ಮಾಡ್ತಾ ನಿಮಗೇ ತಪ್ಪು ಸಿಕ್ಕಿಬಿಡೋದೂ ಇದೆ, ನನಗೆ ಎಷ್ಟೋ ಸಲ ಹಾಗಾಗಿದೆ.

ಇನ್ನು ಸಣ್ಣ ಪ್ರಶ್ನೆ ಅಂದ್ರಲ್ಲ. ಅಲ್ಲಿ ಬರೋದು ಹೆಚ್ಚಾಗಿ ಸಣ್ಣ ಪ್ರಶ್ನೆಗಳೇ. ಅನ್‌ಪಾರ್ಸಬಲ್ ಅಂತ ಎರರ್ ಬರತ್ತೆ, ಅಂದ್ರೆ ಫಾರ್ಮುಲಾ ಅದಕ್ಕೆ ಅರ್ಥ ಆಗಿಲ್ಲ ಅಂತ, ನಿಮಗೂ ಬಂದೇ ಬರತ್ತೆ. ಫಾರ್ಮುಲಾನ ವರ್ಡ್‌ನಲ್ಲಿ ಬರೆದು ಇಲ್ಲಿಗೆ ಪೇಸ್ಟ್ ಮಾಡಿದ್ರೆ ಉದ್ಧರಣ ಚಿಹ್ನೆ ನೆಟ್ಟಗಿರೋದು ಬಾಗಿದ ಥರದ್ದಾಗಿ ಬಂದಿರತ್ತೆ, ಕಣ್ಣಿಗೆ ಗೊತ್ತೇ ಆಗಲ್ಲ, ಅಳಿಸಿ ಅಲ್ಲೇ ಮತ್ತೆ ಟೈಪ್ ಮಾಡಿದ್ರೆ ಸರಿಹೋಗತ್ತೆ. ಇಲ್ಲಾಂದ್ರೆ ಕಾಲಮ್ ಹೆಸರಲ್ಲಿ ಸ್ಪೇಸೋ ಅಂಕಿಯೋ ಇದ್ದು ಅದರ ಸುತ್ತ ಚೌಕ ಬ್ರ್ಯಾಕೆಟ್ ಹಾಕಿರಲ್ಲ. ತಾರೀಕು ಕೊಡೋ ಫಾರ್ಮುಲಾನ ಟೆಕ್ಸ್ಟ್ ಕಾಲಮ್‌ನಲ್ಲಿ ಹಾಕಿದ್ರೆ ಇನ್‌ವ್ಯಾಲಿಡ್ ಕಾಲಮ್ ವ್ಯಾಲ್ಯೂ ಅನ್ನತ್ತೆ, ಕಾಲಮ್ ಟೈಪ್‌ನ ಡೇಟ್ ಮಾಡ್ಬೇಕು. ಈ ಮೂರು ಗೊತ್ತಿದ್ರೆ ಸಾಕು, ಮೊದಲನೇ ವಾರದಲ್ಲೇ ನೀವು ಬೇರೆಯವರಿಗೆ ಉತ್ತರ ಕೊಡ್ಬಹುದು. ಕೊಡಿ. ನಾನು ಕಲಿತಿರೋದ್ರಲ್ಲಿ ಜಾಸ್ತಿ ಪಾಲು ಬೇರೆಯವರ ಪ್ರಶ್ನೆಗೆ ಕೂತು ಪ್ರಯೋಗ ಮಾಡಿ ಬರೆದಾಗ ಬಂದಿದ್ದು, ಯಾಕಂದ್ರೆ ನಮ್ಮ ಶೀಟಲ್ಲಿ ನಮಗೆ ಬೇಕಾದಷ್ಟನ್ನೇ ಮುಟ್ತೀವಿ, ಅವರ ಪ್ರಶ್ನೆ ನಮ್ಮನ್ನ ಯಾವತ್ತೂ ತೆರೀದೇ ಇರೋ ಮೆನುಗೆ ಕರ್ಕೊಂಡು ಹೋಗತ್ತೆ.

ನನಗೆ ತುಂಬಾ ಖುಷಿ ಕೊಟ್ಟ ಉತ್ತರ ಒಂದಿದೆ. ಒಬ್ಬ ಹೆಣ್ಮಗಳು, ಜಾಹೀರಾತು ಕಂಪನಿಯವ್ರು, ಕಾರ್ಡ್ ವ್ಯೂ ಹಾಕ್ಕೊಂಡಿದ್ರು, ಅಂದ್ರೆ ಒಂದೊಂದು ಕೆಲಸ ಒಂದೊಂದು ಕಾರ್ಡಾಗಿ ಕಾಲಮ್‌ಗಳಲ್ಲಿ ಕಾಣೋ ನೋಟ, ನಡೀತಿರೋ ಕೆಲಸ ಅನ್ನೋ ಕಾಲಮ್‌ನಲ್ಲಿ ನಲವತ್ತು ಕಾರ್ಡ್ ತುಂಬಿದೆ, ಏನೂ ಮುಗೀತಾ ಇಲ್ಲ, ಯಾವ ಸೆಟ್ಟಿಂಗ್ ಮಾಡ್ಲಿ ಅಂತ ಕೇಳಿದ್ರು. ಎಲ್ರೂ ಫಿಲ್ಟರ್ ಬಗ್ಗೆ, ಬಣ್ಣದ ಬಗ್ಗೆ ಹೇಳ್ತಿದ್ರು. ನನಗೆ ಆ ಕಾರ್ಡ್ ಎಲ್ಲಿಂದ ಬಂದಿದ್ದು ಅಂತ ಗೊತ್ತಿತ್ತು. ಜಪಾನಿ ಭಾಷೆಲಿ ಕಾನ್ಬಾನ್ ಅಂದ್ರೆ ಫಲಕ, ಎರಡನೇ ಮಹಾಯುದ್ಧದ ನಂತರ ಟೊಯೋಟಾದಲ್ಲಿ ತೈಚಿ ಓನೋ ಬೆಳೆಸಿದ ಪದ್ಧತಿ, ನಮ್ಮ ಫ್ಲೋರ್‌ನಲ್ಲಿ ಇವತ್ತಿಗೂ ನಡೀತಾ ಇದೆ. 2011ರಲ್ಲಿ ಬಂದ ಟ್ರೆಲ್ಲೋ ಥರದ ಸಾಫ್ಟ್‌ವೇರಲ್ಲಿ ನಾವು ನೋಡೋ ಕಾರ್ಡ್ ಅದರದ್ದೇ ಮುಂದುವರಿಕೆ. ನಾನು ಬರ್ದೆ: ನಮ್ಮಲ್ಲಿ ಒಂದೊಂದು ಪಾರ್ಟ್‌ಗೆ ಎರಡೇ ಬಿನ್ (ಪಾರ್ಟ್ ತುಂಬೋ ಡಬ್ಬ), ಎರಡೇ ಕಾರ್ಡ್. ಮುಂದಿನ ಮಶಿನಿನವನು ಒಂದು ಬಿನ್ ಖಾಲಿ ಮಾಡಿ ಕಾರ್ಡ್ ವಾಪಸ್ ಕಳಿಸೋ ತನಕ ಹಿಂದಿನವನು ಮಾಡೋ ಹಾಗಿಲ್ಲ, ಮಶಿನ್ ಸುಮ್ಮನೆ ನಿಂತಿದ್ರೂ ಪರವಾಗಿಲ್ಲ. ಕಾರ್ಡಿನ ಕೆಲಸವೇ ಹೊಸ ಕೆಲಸ ತಡೆಯೋದು. ನಿಮ್ಮ ಕಾಲಮ್‌ಗೆ ಒಬ್ಬರಿಗೆ ಮೂರೇ ಕಾರ್ಡ್ ಅಂತ ಮಿತಿ ಹಾಕಿ, ನಾಲ್ಕನೇದು ಬಂದ್ರೆ ಎಡಗಡೆ ಕಾಯ್ತಾ ಇರ್ಲಿ. ಒಂದು ತಿಂಗಳಾದ್ಮೇಲೆ ಅವರು ವಾಪಸ್ ಬಂದು ಕಾಲಮ್ ಹನ್ನೊಂದಕ್ಕೆ ಇಳೀತು ಅಂತ ಬರೆದ್ರು. ಅದನ್ನ ಪ್ರಿಂಟ್ ತೆಗೆದು ನಮ್ಮ ಲೈನ್ ಸೂಪರ್‌ವೈಸರ್ ದಾದಾಗೆ ತೋರಿಸ್ದೆ, ಆ ಪದ್ಧತಿನ ನನಗೆ ಕಲಿಸಿದ್ದೇ ಅವರು, ಹತ್ತನೇ ಕ್ಲಾಸ್ ಓದಿರೋರು. ತುಂಬಾ ಹೊತ್ತು ಆ ಹಾಳೆನ ಕೈಯಲ್ಲಿ ಹಿಡ್ಕೊಂಡಿದ್ರು.

ಇಂಗ್ಲಿಷ್ ವಿಷಯ. ಅಲ್ಲಿ ಬರೆಯೋರಲ್ಲಿ ಇಂಗ್ಲಿಷ್ ಮನೆಮಾತಲ್ಲದವರು ಎಷ್ಟೋ ಜನ ಇದಾರೆ. ಸಣ್ಣ ಸಣ್ಣ ವಾಕ್ಯ ಬರೀರಿ, ಒಂದು ವಾಕ್ಯಕ್ಕೆ ಒಂದೇ ವಿಷಯ. ನಾನು ಮೊದಲು ಕನ್ನಡದಲ್ಲೇ ನೋಟ್‌ಬುಕ್‌ನಲ್ಲಿ ಬರ್ಕೋತೀನಿ, ಪೆನ್ನಲ್ಲಿ, ಆಮೇಲೆ ಇಂಗ್ಲಿಷ್ ಮಾಡ್ತೀನಿ, ಈಗಲೂ ಹಾಗೇನೇ. ಉತ್ತರ ಸರಿ ಹೋದ್ರೆ ಸರಿ ಹೋಯ್ತು ಅಂತ ಗುರುತು ಹಾಕಿ, ಏನು ಮಾಡಿದ್ಮೇಲೆ ಸರಿಹೋಯ್ತು ಅಂತ ಒಂದು ಸಾಲು ಬರೀರಿ, ಮುಂದೆ ಅದೇ ಕಷ್ಟಕ್ಕೆ ಹುಡುಕ್ಕೊಂಡು ಬರೋರಿಗೆ ಅದೊಂದು ಸಾಲೇ ಬೇಕಾಗಿರೋದು.

ಲಾಗಿನ್ ಆಗ್ತಿಲ್ಲ, ಬಿಲ್ ತಪ್ಪು ಬಂದಿದೆ, ಶೀಟ್ ಕಾಣೆಯಾಗಿದೆ ಇಂಥದ್ದಕ್ಕೆಲ್ಲಾ ಅಲ್ಲಿ ಕೇಳ್ಬೇಡಿ, ನೇರ ಸಪೋರ್ಟ್ ಟಿಕೆಟ್ ಹಾಕಿ, ಬೇರೆ ಬಳಕೆದಾರರ ಕೈಲಿ ನಿಮ್ಮ ಅಕೌಂಟ್ ರಿಪೇರಿ ಮಾಡೋಕಾಗಲ್ಲ.

ಇವತ್ತು ಪ್ರಾಜೆಕ್ಟ್ ಸೆಟ್ಟಿಂಗ್ಸ್ ತೆಗೆದು ವರ್ಕಿಂಗ್ ಡೇಸ್ ನೋಡಿ. ನಿಮ್ಮ ಕಂಪನಿಗೆ ಬೆಂಗಳೂರಲ್ಲೂ ಆಫೀಸ್ ಇದ್ರೆ, ನವೆಂಬರ್ ಒಂದರ ಕನ್ನಡ ರಾಜ್ಯೋತ್ಸವಕ್ಕೆ ಅದು ಮುಚ್ಚಿರತ್ತೆ, ಇಲ್ಲಿ ಪುಣೆಲಿ ರಜಾ ಇರಲ್ಲ, ಎರಡೂ ಕಡೆ ಜನ ಒಂದೇ ಶೀಟಲ್ಲಿದ್ರೆ ಅದೂ ತೊಂದ್ರೆ ಕೊಡತ್ತೆ. ನಿಮ್ಮ ಕಾರ್ಖಾನೆ ಯಾವ ಕಡೆ, ರಜಾ ಯಾವತ್ತು ಅಂತ ಕೆಳಗೆ ಬರೀರಿ, ಗುರುವಾರ ಮನೆಲಿರ್ತೀನಿ, ಕೂತು ನೋಡಿ ಹೇಳ್ತೀನಿ.