ಲೈವ್ ಟೀಮ್‌ಗೆ ವೈರ್ಡ್ ಇಂಟರ್‌ಕಾಮ್ ತಗೊಳ್ಳಬೇಕಾ, ವೈರ್‌ಲೆಸ್ ತಗೊಳ್ಳಬೇಕಾ?

ವಿರಾಜಪೇಟೆ ಕಡೆ ಮದುವೆ, ಹಾಕಿ ಪಂದ್ಯ ಲೈವ್ ಮಾಡುವ ಐದು ಜನರ ಟೀಮ್ ನಿಮ್ಮದು, ಟೀಮ್‌ನವರು ಹೆಡ್‌ಸೆಟ್‌ನಲ್ಲಿ ಮಾತಾಡಿಕೊಳ್ಳುವ ಇಂಟರ್‌ಕಾಮ್‌ಗೆ ಇರುವ ದುಡ್ಡು ಒಂದೇ ಸೆಟ್‌ಗೆ ಸಾಕು ಅಂದಿದ್ದೀರಿ. ನಾನು ಮಡಿಕೇರಿಯಲ್ಲಿ ಇದೇ ಕೆಲಸ ಮಾಡುವವನು. ರೇಂಜ್, ಬೆಲೆ ಎಲ್ಲ ಆಮೇಲೆ ನೋಡೋಣ. ಕ್ಯಾಮೆರಾಗೆ ಹೇಗೂ ವಿಡಿಯೋ ಕೇಬಲ್ ಎಳೆಯುತ್ತೀರಾ ಇಲ್ಲವಾ, ಅದು ಮೊದಲು ಇತ್ಯರ್ಥವಾಗಲಿ.

ಎಳೆಯುತ್ತೀರಿ ಅಂದರೆ ವೈರ್ಡ್ ತಗೊಳ್ಳಿ. ಕೊಡವ ಕುಟುಂಬಗಳ ಹಾಕಿಯಲ್ಲಿ ಬೆಳಗ್ಗೆ ಇಟ್ಟ ಕ್ಯಾಮೆರಾ ಸಂಜೆವರೆಗೆ ಕದಲುವುದಿಲ್ಲ. ಎಸ್‌ಡಿಐ (ವಿಡಿಯೋ) ಕೇಬಲ್ ಜೊತೆಗೇ ಒಂದು ಮೈಕ್ ಕೇಬಲ್ ಕಟ್ಟಿ ಎಳೆದರಾಯಿತು. ಎಲ್ಲರೂ ಒಂದೇ ಲೈನಿನಲ್ಲಿ ಮಾತಾಡುವ ಪಾರ್ಟಿಲೈನ್ ಸಿಸ್ಟಮ್‌ಗೆ ಮೂರು ಪಿನ್‌ನ ಸಾಮಾನ್ಯ ಎಕ್ಸ್‌ಎಲ್‌ಆರ್ ಕೇಬಲ್ಲೇ (ಮೈಕ್ ಕೇಬಲ್ಲೇ) ಸಾಕು. ಕ್ಲಿಯರ್‌ಕಾಮ್ ಕಂಪನಿಯ ಬಗೆಯದರಲ್ಲಿ ಒಂದನೇ ಪಿನ್ ಅರ್ತ್, ಎರಡರಲ್ಲಿ ಸುಮಾರು 30 ವೋಲ್ಟ್ ಡಿಸಿ, ಮೂರರಲ್ಲಿ ಮಾತು. ಹೆಡ್‌ಸೆಟ್ ಚುಚ್ಚುವ ಸೊಂಟದ ಡಬ್ಬಿಗೆ, ಅಂದರೆ ಬೆಲ್ಟ್‌ಪ್ಯಾಕ್‌ಗೆ, ಕರೆಂಟ್ ಬೇಸ್‌ನಿಂದಲೇ (ಮುಖ್ಯ ಪೆಟ್ಟಿಗೆಯಿಂದಲೇ) ಹೋಗುತ್ತದೆ, ಬ್ಯಾಟರಿ ಚಿಂತೆಯಿಲ್ಲ.

ಬೆಲ್ಟ್‌ಪ್ಯಾಕ್‌ಗಳನ್ನು ಒಂದರಿಂದ ಒಂದಕ್ಕೆ ಸಾಲಾಗಿ ಜೋಡಿಸಿದರೆ, ನಡುವೆ ಒಂದು ಪಿನ್ ಕೈಕೊಟ್ಟರೂ ಅಲ್ಲಿಂದ ಮುಂದಿನವರಿಗೆಲ್ಲ ಏನೂ ಕೇಳಿಸದು. ಬೇಸ್ ಹತ್ತಿರವೇ ಸ್ಪ್ಲಿಟ್ ಮಾಡಿ ಒಬ್ಬೊಬ್ಬರಿಗೆ ಒಂದೊಂದು ಕೇಬಲ್ ಕೊಡಿ. ಜನರೇಟರ್ ವೈರಿನ ಪಕ್ಕ ಎಳೆದರೆ ಹಮ್ (ಗುಂಯ್ ಎನ್ನುವ ಸದ್ದು) ಬರುತ್ತದೆ, ದಾಟಲೇಬೇಕಾದ ಕಡೆ ಅಡ್ಡಕ್ಕೆ ದಾಟಿಸಿ. ಏಪ್ರಿಲ್, ಮೇ ತಿಂಗಳ ಪಂದ್ಯ ಅಂದರೆ ಮಧ್ಯಾಹ್ನದ ಮೇಲೆ ಮಳೆಯನ್ನು ನಿರೀಕ್ಷಿಸಿಯೇ ಇರಬೇಕು. ಕನೆಕ್ಟರ್‌ಗಳನ್ನು ಹುಲ್ಲಿನ ಮೇಲೆ ಬಿಡಬೇಡಿ. ಟೇಪ್ ಸುತ್ತಿ, ಗೂಟಕ್ಕೆ ಕಟ್ಟಿ ಮೇಲೆತ್ತಿ. ಗುಡುಗು ಶುರುವಾದರೆ ಎಲ್ಲರ ಹೆಡ್‌ಸೆಟ್ ತೆಗೆಸಿ ಒಳಗೆ ಕರೆಸಿಕೊಳ್ಳಿ. ಅಷ್ಟುದ್ದದ ತಾಮ್ರವನ್ನು ಕಿವಿಗೆ ಕಟ್ಟಿಕೊಂಡು ಬಯಲಲ್ಲಿ ಯಾರೂ ನಿಲ್ಲಬಾರದು, ಲೈವ್ ನಿಂತರೂ ಸರಿ.

ಮದುವೆಯ ಲೆಕ್ಕ ಬೇರೆ. ಬಾಳೆ ಕಡಿಯುವಲ್ಲಿಂದ ಗಂಗಾಪೂಜೆವರೆಗೆ ಗಿಂಬಲ್ (ಕ್ಯಾಮೆರಾ ಅಲುಗದಂತೆ ಹಿಡಿಯುವ ಕೈಸ್ಟ್ಯಾಂಡ್) ಹಿಡಿದವರು ಜನರ ನಡುವೆ ಓಡಾಡುತ್ತಲೇ ಇರುತ್ತಾರೆ, ಅಲ್ಲಿ ವೈರ್‌ಲೆಸ್ಸೇ ಬೇಕು. 2.4 ಗಿಗಾಹರ್ಟ್ಸ್ ಸೆಟ್‌ಗಳು ಎಲ್ಲರ ವೈಫೈ, ಬ್ಲೂಟೂತ್ ಜೊತೆ ಒಂದೇ ಜಾಗಕ್ಕೆ ಗುದ್ದಾಡುತ್ತವೆ. 1.9 ಗಿಗಾಹರ್ಟ್ಸ್‌ನ ಡೆಕ್ಟ್ (ಕಾರ್ಡ್‌ಲೆಸ್ ಫೋನ್ ತಂತ್ರಜ್ಞಾನದ) ಸೆಟ್‌ಗಳಿಗೆ ಆ ಕಾಟವಿಲ್ಲ, ಆದರೆ ಭಾರತದಲ್ಲಿ ಅನುಮತಿ ಇರುವ ಮಾಡೆಲ್ಲೇ ಅಂತ ಅಂಗಡಿಯವರಿಂದ ಬರೆಸಿಕೊಳ್ಳಿ. ಡಬ್ಬದ ಮೇಲಿನ ರೇಂಜ್ ಬಟಾಬಯಲಿನದು. ಮಳೆಯಲ್ಲಿ ನೆನೆದ ಕಾಫಿ ಗಿಡ, ಸಿಲ್ವರ್ ಓಕ್ ಸಾಲು, ಮನುಷ್ಯರ ಮೈ ಎಲ್ಲವೂ ಸಿಗ್ನಲ್ ಕುಡಿಯುತ್ತವೆ. ಬೇಸನ್ನು ಸ್ಟ್ಯಾಂಡಿಗೇರಿಸಿ ತಲೆಗಳಿಗಿಂತ ಮೇಲಿಡಿ. ವಾಲಗದ ಹತ್ತಿರ ಇರುವವರ ಮೈಕ್ ಮ್ಯೂಟ್ ಇರಲಿ, ಇಲ್ಲದಿದ್ದರೆ ಎಲ್ಲರ ಕಿವಿಗೂ ಅದೇ. ಹೇಳಿದ್ದು ಕೇಳಿಸಿತು ಅನ್ನಲು ಕ್ಯಾಮೆರಾವನ್ನೇ ತುಸು ಮೇಲೆ ಕೆಳಗೆ ಆಡಿಸಲಿ, ಅವರ ಶಾಟ್ ಲೈವ್‌ನಲ್ಲಿ ಇಲ್ಲದಾಗ ಮಾತ್ರ.

ವಾಕಿಟಾಕಿ ಬೇಡ. ಮಾತಾಡಲು ಬಟನ್ ಒತ್ತಬೇಕು, ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿರಬೇಕು.

ನಿಮ್ಮ ಜಾಗದಲ್ಲಿ ನಾನಿದ್ದರೆ ವೈರ್ಡ್ ಸೆಟ್ ಕೊಂಡು, ಮದುವೆ ದಿನಗಳಿಗೆ ಮಾತ್ರ ವೈರ್‌ಲೆಸ್ ಬಾಡಿಗೆಗೆ ತರುತ್ತಿದ್ದೆ. ಮದುವೆಯೇ ಹೆಚ್ಚಿದ್ದರೆ ಇದನ್ನು ತಿರುಗಿಸಿಕೊಳ್ಳಿ. ಮುಂದೆ ಎರಡನ್ನೂ ಸೇರಿಸುವ ಯೋಚನೆ ಇದ್ದರೆ, ವೈರ್‌ಲೆಸ್ ಬೇಸ್‌ನಲ್ಲಿ ವೈರ್ಡ್ ಸೆಟ್‌ಗೆ ಜೋಡಿಸುವ ಟೂ-ವೈರ್ ಅಥವಾ ಫೋರ್-ವೈರ್ ಪೋರ್ಟ್ ಇದೆಯಾ ಅಂತ ಈಗಲೇ ಕೇಳಿಕೊಳ್ಳಿ.